ಹಳದಿ ಕೊಡೆಯ ಎರಡನೇ ಬದಿ

ಕರೆಂಟು ಇನ್ನು ಬೆಳಿಗ್ಗೆಯೇ ಬರುವುದು. ದೀಪ ಸ್ವಲ್ಪ ಸಣ್ಣ ಮಾಡಿ. ಹತ್ತಿರ ಕೂತುಕೊಳ್ಳಿ... ಇದು ಗಟ್ಟಿಯಾಗಿ ಹೇಳುವಂಥದ್ದಲ್ಲ.

ಶೋಧನ್ ನನ್ನ ಚಿಕ್ಕಮ್ಮನ ಮಗ. ನಾರಾವಿಯವ. ಎಂಎಸ್ಸಿ ಮುಗಿಸಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಾನೆ. ಸುಳ್ಳು ಹೇಳುವ ಜನ ಅಲ್ಲ. ಸುಳ್ಳಿಗೆ ಸ್ವಲ್ಪ ಹೆಚ್ಚು ಮಾತು ಬೇಕಾಗುತ್ತದೆ. ಅವನಲ್ಲಿ ಅಷ್ಟು ಮಾತೇ ಇಲ್ಲ.

ಮೇ ತಿಂಗಳ ಕೊನೆಯ ವಾರ. ಶಿರ್ತಾಡಿ ದಾರಿಯಾಗಿ ಬರುವ ಕೊನೆಯ ಬಸ್ಸು ಅವನನ್ನು ರಸ್ತೆ ಬದಿಯಲ್ಲಿ ಇಳಿಸಿ ಹೋಯಿತು. ಗಂಟೆ ಒಂಬತ್ತೂವರೆ. ಅಲ್ಲಿಂದ ಮನೆಗೆ ಹದಿನೈದು ನಿಮಿಷದ ಮಣ್ಣು ದಾರಿ. ಸಂಜೆ ಐದಕ್ಕೇ ಕೆಲಸ ಮುಗಿಯುತ್ತದೆ, ಮೊದಲಿನ ಬಸ್ಸು ಹಿಡಿಯಬಹುದಿತ್ತು. ಹಿಡಿಯುತ್ತಿರಲಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಮನೆಗೆ ಹೋಗಬೇಕು ಅಂತ ಅನ್ನಿಸುತ್ತಿರಲಿಲ್ಲ. ಹೋಗಬಾರದು ಅಂತಲೂ ಅನ್ನಿಸುತ್ತಿರಲಿಲ್ಲ.

ದಾರಿಯ ನಡುವೆ ಒಂದು ಹಳೆ ಬಾವಿ ಉಂಟು. ಕಟ್ಟೆ ಒಂದು ಕಡೆ ಕುಸಿದಿದೆ. ರಾಟೆಗೆ ತುಕ್ಕು ಹಿಡಿದಿದೆ. ನೀರು ಸೇದುವವರು ಯಾರೂ ಇಲ್ಲ. ಆ ರಾತ್ರಿ ಅವನು ಬಾವಿ ದಾಟುತ್ತಿದ್ದಾಗ...

ಟಿಕ್.

ನಿಂತ.

ಟಿಕ್...

ಬಾವಿಗೆ ಹನಿ ಬೀಳುತ್ತಿರಬೇಕು ಅಂದುಕೊಂಡ. ಮಳೆ ಬಂದು ಎಂಟು ದಿನ ಆಗಿತ್ತು. ಬಗ್ಗಿ ನೋಡಿದ. ಒಳಗೆ ಕತ್ತಲೆ, ಶಬ್ದ ಇಲ್ಲ. ಶಬ್ದ ಬರುತ್ತಿದ್ದದ್ದು ಬಾವಿಯಿಂದ ಅಲ್ಲ, ಮನೆಯ ಕಡೆಯಿಂದ.

ಟಿಕ್...

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಶೋಧನ್ ಮೊಬೈಲ್ ತೆಗೆದು ಅಳೆದ. ಹತ್ತು ಟಿಕ್‌ಗೆ ಹದಿನೆಂಟು ಸೆಕೆಂಡು. ಮತ್ತೆ ಅಳೆದ. ಹದಿನೆಂಟು. ಮೂರನೇ ಸಲವೂ ಹದಿನೆಂಟು. ಹನಿ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. ಮನೆಯ ಕಡೆ ನಡೆದ. ಹತ್ತಿರ ಹೋದಷ್ಟೂ ಶಬ್ದ ದೊಡ್ಡದಾಗಬೇಕು. ಇದು ಸಣ್ಣದಾಗುತ್ತಾ ಹೋಯಿತು. ಅಂಗಳಕ್ಕೆ ಕಾಲಿಡುವಾಗ ಏನೂ ಇರಲಿಲ್ಲ.

ಒಂದು ಟಿಕ್‌ಗೆ 1.8 ಸೆಕೆಂಡು. ಆ ಲೆಕ್ಕ ಅವನಿಗೆ ಗೊತ್ತಿತ್ತು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ರೆಕಾರ್ಡು ಒಂದು ಸುತ್ತಿಗೆ ತೆಗೆದುಕೊಳ್ಳುವ ಹೊತ್ತು ಅದು. ಒಂದು ಬದಿಯ ಹಾಡು ಮುಗಿದ ಮೇಲೆ ಮುಳ್ಳನ್ನು ಎತ್ತಬೇಕು. ಎತ್ತದಿದ್ದರೆ ಅದು ನಡುವಿನ ಕೊನೆಯ ಗೆರೆಯಲ್ಲೇ ಸುತ್ತುತ್ತಾ ಇರುತ್ತದೆ... ಸುತ್ತಿಗೊಂದು ಟಿಕ್.

ಅಮ್ಮ ಬಾಗಿಲು ತೆಗೆದಳು. ಕಾಂತಿ ಚಿಕ್ಕಮ್ಮ.

"ಅಣ್ಣನ ಕೋಣೆ ಯಾರಾದ್ರೂ ತೆಗ್ದಿದ್ದಾರಾ?"

"ಇಲ್ಲಪ್ಪ. ಯಾಕೆ?"

"ಎಂತ ಇಲ್ಲ."

ಬೀಗದ ಕೈ ಮೊಳೆಯಲ್ಲೇ ನೇತಾಡುತ್ತಿತ್ತು. ತೆಗೆದುಕೊಂಡು ಹೋಗಿ ಕೋಣೆ ತೆರೆದ. ಮಾರ್ಚ್ ತಿಂಗಳ ನಂತರ ಅದೇ ಮೊದಲು. ರೆಕಾರ್ಡ್ ಪ್ಲೇಯರಿನ ಪ್ಲಗ್ಗು ಗೋಡೆಯಿಂದ ಹೊರಗೆ ಇತ್ತು. ಹಳದಿ ಕೊಡೆ ತಟ್ಟೆಯ ಮೇಲೆ ಹಾಗೇ ಕೂತಿತ್ತು. ಮೇಲೆ ಧೂಳು.

ಹಳದಿ ಕೊಡೆ ಅಂದರೆ ಆ ರೆಕಾರ್ಡು. ಕವರಿನಲ್ಲಿ ಖಾಲಿ ರೈಲ್ವೆ ಪ್ಲಾಟ್‌ಫಾರಂ, ಅದರ ಮೇಲೆ ಯಾರೋ ಬಿಟ್ಟುಹೋದ ಒಂದು ಹಳದಿ ಕೊಡೆ. ನಾಲ್ಕು ಜನ ಇಂಗ್ಲಿಷಿನವರು ಐವತ್ತು ವರ್ಷದ ಹಿಂದೆ ಹಾಡಿದ್ದು. ಮೊದಲ ಬದಿಯಲ್ಲಿ ಐದು ಹಾಡು, ಇಪ್ಪತ್ತೊಂದು ನಿಮಿಷ. ಎರಡನೇ ಬದಿಯಲ್ಲಿ ನಾಲ್ಕು, ಹತ್ತೊಂಬತ್ತು ನಿಮಿಷ. ರೆಕಾರ್ಡಿನ ಹೆಸರನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹಳದಿ ಕೊಡೆ, ಅಷ್ಟೇ.

ಅದು ಶೋಧನ್‌ನ ಅಣ್ಣ ಯತೀಶನದ್ದು. ಯತೀಶ ಮೈಕಿನವ. ನಾರಾವಿ ಪೇಟೆಯಲ್ಲಿ ಇರ್ಷಾದ್ ಎಂಬ ಗೆಳೆಯನ ಜೊತೆ ಸೇರಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದ. ಮದುವೆಗೂ ಅವರೇ, ಯಕ್ಷಗಾನಕ್ಕೂ ಅವರೇ, ಉರೂಸಿಗೂ ಅವರೇ. ರೆಕಾರ್ಡು, ಪ್ಲೇಯರು ಎರಡೂ ಬಹರೈನಿನಿಂದ ಇರ್ಷಾದ್‌ನ ಮಾವ ತಂದದ್ದು. ಮಾವನಿಗೆ ಬೇಡವಾಯಿತು, ಇವರಿಗೆ ಬಂತು.

"ಇಡೀ ದಿನ ಮದುವೆ ಹಾಲಿನಲ್ಲಿ ಕಿವಿ ಒಡ್ಕೊಂಡು, ರಾತ್ರಿ ಮತ್ತೆ ಬಿಳಿಯರ ಬೊಬ್ಬೆ! ನಿನಗೆ ಎಂತದು ಮಾರಾಯ?" ಅಂತ ಇರ್ಷಾದ್ ರೇಗಿಸುತ್ತಿದ್ದ.

"ಹಗಲು ಮಾಡುವುದು ಶಬ್ದ. ರಾತ್ರಿ ಕೇಳುವುದು ಹಾಡು," ಅನ್ನುತ್ತಿದ್ದ ಯತೀಶ.

ಹಳದಿ ಕೊಡೆ ಕೇಳಲಿಕ್ಕೆ ಅವನಲ್ಲಿ ಕ್ರಮ ಇತ್ತು. ಕೈ ತೊಳೆಯಬೇಕು. ರೆಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕು. ಮೈ ಒರೆಸುವ ಬಿಳಿ ಬೈರಾಸಿನ ತುಂಡಿನಿಂದ ಒಂದೇ ದಿಕ್ಕಿಗೆ ಒರೆಸಬೇಕು. ಮೊದಲಿನಿಂದ ಕೊನೆಯ ತನಕ ಕೇಳಬೇಕು, ನಡುವೆ ಮಾತಿಲ್ಲ. ಶೋಧನ್ ಹೈಸ್ಕೂಲಿನಲ್ಲಿ ಇರುವಾಗಿನಿಂದ ಅವನ ಪಕ್ಕ ಚಾಪೆಯ ಮೇಲೆ ಕೂತು ಕೇಳಿದವ. ಪದಗಳು ಪೂರ್ತಿ ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅದರ ಬಗ್ಗೆ ಬೇಸರವೂ ಇರಲಿಲ್ಲ.

"ಗಿಟಾರಿನವನನ್ನು ಬಿಡು," ಅನ್ನುತ್ತಿದ್ದ ಯತೀಶ, ಹಾಡು ಶುರುವಾಗುವ ಮೊದಲೇ. "ಕೆಳಗಿನ ದಪ್ಪ ತಂತಿಯ ಬೇಸಿನವ ಇದ್ದಾನಲ್ಲ, ಅವನನ್ನು ಕಿವಿಯಲ್ಲಿ ಹಿಡಿ. ಎಲ್ಲರೂ ಓಡ್ತಾರೆ, ಅವ ಓಡುವುದಿಲ್ಲ. ಅವ ಇರುವುದಕ್ಕೇ ಉಳಿದವರು ಬೀಳದೆ ಇರುವುದು."

ಮೂರನೇ ಹಾಡಿನಲ್ಲಿ ಬೆರಳು ತಂತಿಯ ಮೇಲೆ ಜಾರುವಾಗ ಕೀಚ್ ಅನ್ನುತ್ತದೆ. ಐದನೆಯದರಲ್ಲಿ ಡ್ರಮ್ಮಿನವ ಒಂದು ಪೆಟ್ಟು ಬಿಟ್ಟುಬಿಡುತ್ತಾನೆ, ಬೇಕೆಂದೇ. ಆ ಬಿಟ್ಟ ಪೆಟ್ಟನ್ನು ಶೋಧನ್ ಮೊದಲ ಸಲ ತಾನಾಗಿಯೇ ಹಿಡಿದ ದಿನ ಯತೀಶ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಿದ್ದ. "ನಿನ್ನ ಪುಸ್ತಕದಲ್ಲಿ ಶಬ್ದದ ವೇಗ ಬರ್ದಿದ್ದಾರೆ. ಇದನ್ನು ಬರ್ದಿದ್ದಾರಾ?"

ಎರಡನೇ ಬದಿಯ ಎರಡನೇ ಹಾಡಿನಲ್ಲಿ ಒಂದು ಗೀರು ಇತ್ತು. ಮುಳ್ಳು ಅಲ್ಲಿ ಹಾರಿ ಹಿಂದಕ್ಕೆ ಬೀಳುತ್ತಿತ್ತು, ಅದೇ ಅರ್ಧ ಮಾತು ಮತ್ತೆ ಮತ್ತೆ. ಅದಕ್ಕೆ ಯತೀಶ ಒಂದು ಹಳೆಯ ನಾಲ್ಕಾಣೆ ಇಟ್ಟುಕೊಂಡಿದ್ದ, ಘೇಂಡಾಮೃಗದ ಚಿತ್ರದ್ದು. ಮುಳ್ಳಿನ ತಲೆಯ ಮೇಲೆ ಸರಿಯಾಗಿ ಕೂರಲಿ ಅಂತ ಅದರ ಒಂದು ಅಂಚನ್ನು ಅರದಲ್ಲಿ ತಿಕ್ಕಿ ಚಪ್ಪಟೆ ಮಾಡಿದ್ದ. ರೆಕಾರ್ಡು ಮಗುಚಿದ ಮೇಲೆ ಮುಳ್ಳಿಗೆ ಆ ನಾಣ್ಯದ ಭಾರ ಹಾಕಿದರೆ ಹಾರುವುದಿಲ್ಲ. ನಾಣ್ಯ ಯಾವಾಗಲೂ ಅವನ ಅಂಗಿಯ ಕಿಸೆಯಲ್ಲಿ. ಚಲಾವಣೆ ನಿಂತುಹೋದ ನಾಣ್ಯ. ಕಳೆದರೆ ಮತ್ತೆ ಎಲ್ಲಿ ಹುಡುಕುವುದು?

ಕೊನೆಯ ಹಾಡಿನಲ್ಲಿ ಒಬ್ಬನ ಸ್ವರ, ಒಂದು ಆರ್ಗನ್. ಬೇರೆ ಏನೂ ಇಲ್ಲ. ಆರ್ಗನ್ ನಿಂತ ಮೇಲೆ ಹಾಡುವವ ಇನ್ನೊಂದು ಸಾಲಿಗೆ ಉಸಿರು ಎಳೆದುಕೊಳ್ಳುತ್ತಾನೆ. ಚೆನ್ನಾಗಿ ಕೇಳುತ್ತದೆ, ಹ್ಹಾ... ಅಂತ. ಸಾಲು ಹಾಡುವುದಿಲ್ಲ. ಅಲ್ಲಿಗೆ ರೆಕಾರ್ಡು ಮುಗಿಯಿತು.

"ಇದಕ್ಕೋಸ್ಕರ ಉಳಿದ ಎಂಟು ಹಾಡು," ಅನ್ನುತ್ತಿದ್ದ ಯತೀಶ.

ಮಾರ್ಚ್ ತಿಂಗಳ ಆ ರಾತ್ರಿ ಅವರು ಮೊದಲ ಬದಿ ಕೇಳಿ ಮುಗಿಸಿದಾಗ ಒಂಬತ್ತು ನಲವತ್ತು. ಯತೀಶ ಕಿಸೆಯಿಂದ ನಾಲ್ಕಾಣೆ ತೆಗೆದ.

"ಅಣ್ಣ, ನಾಳೆ ಕೇಳುವ. ಬೆಳಿಗ್ಗೆ ಪ್ರಾಕ್ಟಿಕಲ್ ಪರೀಕ್ಷೆ ಉಂಟು."

"ಹತ್ತೊಂಬತ್ತು ನಿಮಿಷ ಮಾರಾಯ."

"ನಿದ್ರೆ ಬರ್ತಾ ಉಂಟು."

"ಅರ್ಧ ಊಟಕ್ಕೆ ಏಳುವ ಬುದ್ಧಿ ಯಾವಾಗಿಂದ?"

ಶೋಧನ್ ಎದ್ದು ನಡೆದ. ಬಾಗಿಲ ಹತ್ತಿರ ತಿರುಗಿ ನೋಡಿದ. ಯತೀಶ ನಾಣ್ಯವನ್ನು ವಾಪಸ್ ಕಿಸೆಗೆ ಹಾಕುತ್ತಿದ್ದ. ರೆಕಾರ್ಡು ಸುತ್ತುತ್ತಲೇ ಇತ್ತು. ಟಿಕ್... ಟಿಕ್... ಶೋಧನ್ ಹಾಸಿಗೆಗೆ ಹೋದ. ಸ್ವಲ್ಪ ಹೊತ್ತಿಗೆ ಬೈಕು ಸ್ಟಾರ್ಟ್ ಆದದ್ದು ಕೇಳಿಸಿತು. ಮುಳ್ಳು ಎತ್ತದೆ ಹೋಗುವ ಜನ ಅಲ್ಲ ಯತೀಶ. ಸಿಟ್ಟು ಬಂದಿರಬೇಕು ಅಂದುಕೊಂಡ. ನಿದ್ರೆ ಹೋದ.

ಒಂಬತ್ತು ಐವತ್ತೆರಡಕ್ಕೆ ಸೇತುವೆಯ ತಿರುವಿನಲ್ಲಿ ಎದುರಿನಿಂದ ಒಂದು ಮರದ ಲಾರಿ.

ಎಲ್ಲರೂ ಆಸ್ಪತ್ರೆಗೆ ಓಡಿದರು. ಕೋಣೆಯನ್ನು ಯಾರೂ ನೋಡಲಿಲ್ಲ. ಬೆಳಿಗ್ಗೆ ಹೆಣ ಅಂಗಳಕ್ಕೆ ಬರುವ ತನಕ ಅದು ಸುತ್ತುತ್ತಲೇ ಇತ್ತು. ಇರ್ಷಾದ್ ಒಳಗೆ ಹೋಗಿ ಪ್ಲಗ್ಗು ಎಳೆದ. ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಿದ್ದರು. ಅದರಲ್ಲಿ ಪರ್ಸು, ವಾಚು, ಬೈಕಿನ ಕೀ. ನಾಲ್ಕಾಣೆ ಇರಲಿಲ್ಲ. ಇರ್ಷಾದ್ ಎರಡು ದಿನ ಆ ತಿರುವಿನಲ್ಲಿ ಹುಲ್ಲು ಕೆದಕಿ ಹುಡುಕಿದ. ಸಿಗಲಿಲ್ಲ.

ಶೋಧನ್ ಅಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನವೂ ಅಳಲಿಲ್ಲ. ಹದಿನಾಲ್ಕನೇ ದಿನ ಲ್ಯಾಬಿಗೆ ಹೋದ. ಊಟಕ್ಕೆ ಕೂತರೆ ಹುಳಿಯೋ ಉಪ್ಪೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಹಾಕಿದ್ದನ್ನು ತಿನ್ನುತ್ತಿದ್ದ. ತಲೆಯಲ್ಲಿ ಒಂದು ಲೆಕ್ಕ ಮಾತ್ರ ಇತ್ತು. ನಲವತ್ತಕ್ಕೆ ಹತ್ತೊಂಬತ್ತು ಕೂಡಿದರೆ ಐವತ್ತೊಂಬತ್ತು. ಎರಡನೇ ಬದಿಗೆ ಕೂತಿದ್ದರೆ, ಲಾರಿ ಆ ತಿರುವು ದಾಟಿ ಏಳು ನಿಮಿಷ ಆಗಿರುತ್ತಿತ್ತು. ಲೆಕ್ಕ ಎಷ್ಟು ಸಲ ಮಾಡಿದರೂ ಏಳು. ಇದನ್ನು ಯಾರಿಗೂ ಹೇಳಲಿಲ್ಲ.

ಅದಾದ ಮೇಲೆ ಬಾವಿಯ ಹತ್ತಿರ ಈ ಟಿಕ್. ದಿನಾ ಒಂಬತ್ತು ನಲವತ್ತಕ್ಕೆ. ಶೋಧನ್ ರೆಕಾರ್ಡಿನ ಅಂಚಿಗೂ ಪ್ಲೇಯರಿನ ಮರಕ್ಕೂ ಸೇರಿಸಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬಂದ. ತಿರುಗಿದರೆ ಗೆರೆ ತಪ್ಪಬೇಕು. ಒಂದು ವಾರ ನೋಡಿದ. ಗೆರೆ ಇದ್ದಲ್ಲೇ ಇತ್ತು. ಶಬ್ದವೂ ಇತ್ತು.

ಜೂನಿನಲ್ಲಿ ಒಂದು ದಿನ ಇರ್ಷಾದ್‌ನನ್ನು ಬಾವಿಯ ಹತ್ತಿರ ಕರೆದುಕೊಂಡು ಬಂದ. ಯಾಕೆ ಅಂತ ಹೇಳಲಿಲ್ಲ. ಹೇಳಿದರೆ ಇಲ್ಲದ್ದೂ ಕೇಳುತ್ತದೆ ಅಂತ.

"ನೀರಿಗೆ ಹಾರುವ ಯೋಚನೆಯಾ? ಇದರಲ್ಲಿ ಮೊಣಕಾಲು ನೀರಿಲ್ಲ ಮಾರಾಯ."

"ಮಾತಾಡ್ಬೇಡ. ಕೇಳು."

ಇರ್ಷಾದ್ ನಗುತ್ತಾ ನಿಂತ. ಆಮೇಲೆ ನಗು ನಿಂತಿತು.

ಟಿಕ್...

ಇರ್ಷಾದ್ ಪಿಸುಗುಟ್ಟಿದ. "ಪ್ಲಗ್ಗು ನಾನೇ ಎಳ್ದದ್ದು."

"ಗೊತ್ತುಂಟು."

"ಬದಿ ಮುಗ್ದಿದೆ. ಮಗುಚುವವರಿಲ್ಲ."

"ಹೌದು."

"ನಿನ್ನಮ್ಮನಿಗೆ ಹೇಳು."

ಹೇಳಿದ್ದು ಇರ್ಷಾದನೇ. ಕಾಂತಿ ಚಿಕ್ಕಮ್ಮ ಕೇಳಿಸಿಕೊಂಡು ಪಕ್ಕದ ಮನೆಯ ಪೂವಮ್ಮನನ್ನು ಕರೆದು ತಂದಳು. ಎಂಬತ್ತು ದಾಟಿದ ಜೀವ. ಊರಿನಲ್ಲಿ ಸತ್ತವರ ಕಾರ್ಯ ಯಾವ ಮನೆಯದ್ದಿದ್ದರೂ ಕ್ರಮ ಹೇಳುವುದು ಪೂವಮ್ಮನೇ.

"ಆಟಿ ಬರ್ಲಿ. ಬಡಿಸುವ," ಅಂದಳು ಪೂವಮ್ಮ. ಜುಲೈ ಮಧ್ಯಕ್ಕೆ ಶುರುವಾಗುವ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಉಂಟಲ್ಲ. "ಬೀಡಿ ಎಳೆಯುವವನಿಗೆ ಬೀಡಿ ಇಡ್ಬೇಕು. ಎಲೆಯಡಿಕೆ ಹಾಕುವವಳಿಗೆ ಎಲೆಯಡಿಕೆ. ಇವನಿಗೆ ಎಂತ ಇಷ್ಟ?"

ಅಮ್ಮ ಶೋಧನ್‌ನ ಮುಖ ನೋಡಿದಳು.

"ಹಳದಿ ಕೊಡೆ," ಅಂದ ಶೋಧನ್.

"ಅದು ತಿನ್ಲಿಕ್ಕಾ, ಕುಡೀಲಿಕ್ಕಾ?"

"ಕೇಳ್ಲಿಕ್ಕೆ."

"ಸರಿ. ಅದನ್ನೂ ಇಡು," ಅಂದಳು ಪೂವಮ್ಮ.

ಆಟಿಯ ಒಂದು ಮಂಗಳವಾರ. ಅಣ್ಣನ ಕೋಣೆಯನ್ನು ಗುಡಿಸಿ ಒರೆಸಿದರು. ನೆಲದಲ್ಲಿ ಎಲೆ, ತುದಿ ತೆಂಕು ದಿಕ್ಕಿಗೆ. ಅಕ್ಕಿಯ ಉಂಡೆ ಪುಂಡಿ, ಕೋಳಿ ಸಾರು, ಕೆಸುವಿನೆಲೆಯ ಪತ್ರೊಡೆ. ಯತೀಶ ಕಳ್ಳು ಮುಟ್ಟುವವನಲ್ಲ, ಆದ್ದರಿಂದ ಒಂದು ಬಾಟ್ಲಿ ಜಿಂಜರ್ ಸೋಡ. ಶೋಧನ್ ಕೈ ತೊಳೆದ. ಪೆನ್ಸಿಲಿನ ಗೆರೆ ಅಳಿಸಿದ. ಬೈರಾಸಿನ ತುಂಡಿನಿಂದ ರೆಕಾರ್ಡನ್ನು ಒಂದೇ ದಿಕ್ಕಿಗೆ ಒರೆಸಿ, ತುಂಡನ್ನು ಕಿಟಕಿಯ ಹಲಗೆಯ ಮೇಲಿಟ್ಟ. ಪ್ಲಗ್ಗು ಹಾಕಿದ. ಮುಳ್ಳನ್ನು ಇಳಿಸಿದ. ಮೊದಲು ಚರಚರ, ಎಳ್ಳು ಹುರಿದ ಹಾಗೆ... ಆಮೇಲೆ ಮೊದಲ ಹಾಡು.

"ಬಾ ಮಗ. ಉಂಡು ಹೋಗು," ಅಂತ ಪೂವಮ್ಮ ಕರೆದಳು. ಎಲ್ಲರೂ ಹೊರಗೆ ಬಂದರು. ಅಪ್ಪ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ಸಂಕಪ್ಪ ಚಿಕ್ಕಪ್ಪ. ಮಾರ್ಚಿನಿಂದ ಆತನೂ ಲೆಕ್ಕ ಹಾಕಿದ ಹಾಗೆ ಮಾತಾಡುತ್ತಿದ್ದ.

ಇನ್ನು ಮಾತಿಲ್ಲ. ಪೂವಮ್ಮ ಮೂರು ಸಲ ಚಪ್ಪಾಳೆ ತಟ್ಟುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ನಡುವೆ ತೆಗೆದರೆ ಉಣ್ಣುವವ ಅರ್ಧಕ್ಕೆ ಏಳುತ್ತಾನೆ. ಅರ್ಧಕ್ಕೆ ಎದ್ದವ ಮತ್ತೆ ಆ ಮನೆಯ ಎಲೆಗೆ ಕೂರುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಜಗಲಿಯಲ್ಲಿ ಸಾಲಾಗಿ ಕೂತರು. ಅಪ್ಪ, ಅಮ್ಮ, ಶೋಧನ್, ಪೂವಮ್ಮ. ಇರ್ಷಾದ್ ಅಂಗಳದಲ್ಲಿ, ಆ ಕೋಣೆಯ ಕಿಟಕಿಯ ಎದುರು ನಿಲ್ಲಿಸಿದ್ದ ಪಿಕಪ್ಪಿನ ಹಿಂಬದಿಯಲ್ಲಿ ಹತ್ತಿ ಕೂತಿದ್ದ. ಕಿಟಕಿಗೆ ಸರಳು ಉಂಟು. ಒಳಗಿನಿಂದ ಮುಚ್ಚಿತ್ತು.

ಎರಡನೇ ಹಾಡು. ಮೂರನೆಯದು. ಕೀಚ್. ನಾಲ್ಕನೆಯದು ನಡೆಯುತ್ತಿದ್ದಾಗ ಶೋಧನ್‌ಗೆ ಹೊಳೆಯಿತು.

ಹಾಕಬೇಕಾಗಿದ್ದದ್ದು ಎರಡನೇ ಬದಿ.

ಕೈ ತಾನಾಗಿ ಮೊದಲ ಬದಿ ಹಾಕಿಬಿಟ್ಟಿತ್ತು. ಮೊದಲಿನಿಂದ ಕೇಳಬೇಕು ಎಂಬುದು ಅಣ್ಣ ಹೇಳಿಕೊಟ್ಟ ಕ್ರಮ. ಇಪ್ಪತ್ತೊಂದು ನಿಮಿಷ ಆದ ಮೇಲೆ ಮಗುಚಬೇಕು. ಮಗುಚಲಿಕ್ಕೆ ಬಾಗಿಲು ತೆಗೆಯಬೇಕು. ತೆಗೆಯುವ ಹಾಗಿಲ್ಲ. ತೆಗೆಯದಿದ್ದರೆ ಇವತ್ತೂ ಅರ್ಧವೇ. ತೆಗೆದರೂ ಅರ್ಧವೇ.

ಅಮ್ಮನ ಕಿವಿಯ ಹತ್ತಿರ ಬಗ್ಗಿದ. "ಅಮ್ಮ..."

"ಶ್..."

"ಆ ದಿನ ನಾನು ಅರ್ಧಕ್ಕೆ ಎದ್ದು ಹೋದೆ. ಅಣ್ಣನಿಗೆ ಸಿಟ್ಟು ಬಂತು. ಅದಕ್ಕೇ ಬೈಕು ತೆಗೊಂಡು ಹೋದದ್ದು. ನಾನು ಕೂತಿದ್ರೆ..." ಏಳು ನಿಮಿಷ ಅಂತ ಹೇಳಲಿಕ್ಕೆ ಆಗಲಿಲ್ಲ.

ಅಮ್ಮ ತಿರುಗಿ ನೋಡಲಿಲ್ಲ. ಬಾಗಿಲನ್ನೇ ನೋಡುತ್ತಾ ಪಿಸುಗುಟ್ಟಿದಳು.

"ಅವನನ್ನು ಕಳಿಸಿದ್ದು ನಾನು. ಅಪ್ಪನ ಬಿಪಿ ಮಾತ್ರೆ ಮುಗ್ದಿತ್ತು. ಮೆಡಿಕಲ್ ಹತ್ತಕ್ಕೆ ಮುಚ್ತದೆ, ಹೋಗಿ ಬಾ ಅಂದೆ."

"ನೀನು ಹೇಳ್ಲೇ ಇಲ್ಲ..."

"ಬಾಯಿ ಬರ್ಲಿಲ್ಲ ಮಗ. ನಗ್ತಾ ಹೋದ ಅವ. ಅದು ಸುತ್ತುತ್ತಾ ಇರ್ಲಿ ಅಮ್ಮ, ಈಗ ಬರ್ತೇನೆ. ಬಂದು ಮಗುಚಿ ಹಾಕಿ, ತಮ್ಮನನ್ನು ಎಬ್ಬಿಸಿ ಕೂರಿಸ್ತೇನೆ ಅಂತ ಹೇಳಿ ಹೋದ."

ಅಪ್ಪ ನೆಲ ನೋಡುತ್ತಾ ಕೂತಿದ್ದ. ಮಾತ್ರೆ ಅವನದ್ದೇ ಅಲ್ಲವೇ. ತುಂಬ ಮೆಲ್ಲಗೆ ಹೇಳಿದ. "ಸಾಕು. ಅವ ಉಣ್ಣುತ್ತಾ ಇದ್ದಾನೆ. ಮಾತಾಡ್ಬೇಡಿ."

ಐದನೇ ಹಾಡು. ಡ್ರಮ್ಮಿನವ ಆ ಒಂದು ಪೆಟ್ಟು ಬಿಟ್ಟ. ಹಾಡು ಮುಗಿಯಿತು.

ಟಿಕ್...

ಟಿಕ್...

ಶೋಧನ್ ವಾಚು ನೋಡಿದ. ಒಂಬತ್ತು ನಲವತ್ತು. ಬೇಕೆಂದು ಮಾಡಿದ್ದಲ್ಲ. ಬಡಿಸಿ ಆಗುವಾಗ ಹಾಗೆ ಬಂದಿತ್ತು.

ಟಿಕ್...

ಏಳಲಿಕ್ಕೆ ಹೊರಟ. ಅಮ್ಮ ಅವನ ಮಣಿಕಟ್ಟು ಹಿಡಿದಳು. ಬಿಡಲಿಲ್ಲ. ಅವನಿಗೆ ಬೇರೆ ಏನೂ ಮಾಡಲಿಕ್ಕೆ ಇರಲಿಲ್ಲ. ಎಣಿಸಿದ. ಹತ್ತು... ಇಪ್ಪತ್ತು... ಮೂವತ್ತು... ಮೂವತ್ತೊಂದು.

ಮೂವತ್ತೆರಡನೆಯದು ಬರಲಿಲ್ಲ.

ಸ್ಪೀಕರಿನಲ್ಲಿ ಒಂದು 'ಟೊಪ್'. ಮುಳ್ಳು ರೆಕಾರ್ಡನ್ನು ಬಿಡುವಾಗ ಬರುವ ಶಬ್ದ.

ಕರೆಂಟು ಹೋಗಿರಲಿಲ್ಲ. ಜಗಲಿಯ ಬಲ್ಬು ಉರಿಯುತ್ತಿತ್ತು. ಒಳಗೆ... ಕಿರ್... ನಡುವಿನ ಕಡ್ಡಿಯಿಂದ ರೆಕಾರ್ಡು ಮೇಲೆ ಬರುವಾಗ ಬಿಗಿಯಾಗಿ ಹಾಗೆ ಅನ್ನುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಟ್ಟೆಯ ಶಬ್ದ. ಸ್ಸ್... ಸ್ಸ್... ಒಂದೇ ದಿಕ್ಕಿಗೆ.

ಪೂವಮ್ಮನ ತುಟಿ ಅಲುಗುತ್ತಿತ್ತು. ಸ್ವರ ಇಲ್ಲ.

ಟಪ್.

ಚರಚರ...

ಎರಡನೇ ಬದಿಯ ಮೊದಲ ಹಾಡು ಶುರುವಾಯಿತು.

ಶೋಧನ್ ಹೆದರಲಿಲ್ಲ. ಹೆದರಬೇಕು ಅಂತ ಗೊತ್ತಿತ್ತು ಅಂತ ನನಗೆ ಆಮೇಲೆ ಹೇಳಿದ. ಎಂಥದೂ ಬರಲಿಲ್ಲವಂತೆ, ಕಾಲಿಗೆ ಜೋಮು ಹಿಡಿದ ಹಾಗೆ ಮೈಯೆಲ್ಲ. ದಪ್ಪ ತಂತಿಯವನನ್ನು ಹಿಡಿದುಕೊಂಡು ಕೂತ. ಅವ ಓಡುವುದಿಲ್ಲ.

ಎರಡನೇ ಹಾಡು ಬಂತು. ಗೀರು ಇರುವುದು ಇಲ್ಲಿ. ನಾಣ್ಯ ಇಲ್ಲ, ಮುಳ್ಳು ಹಾರಲೇಬೇಕು. ಅರ್ಧ ಮಾತಿಗೆ ಸಿಕ್ಕಿಕೊಂಡು ಅಲ್ಲೇ ತಿರುಗಬೇಕು. ಶೋಧನ್ ಆ ಜಾಗಕ್ಕೆ ಕಾದ. ಜಾಗ ಬಂತು...

ಹಾರಲಿಲ್ಲ. ಹಾಡು ಮುಂದೆ ಹೋಯಿತು.

ಮೂರನೆಯದು. ನಾಲ್ಕನೆಯದು. ಆರ್ಗನ್, ಒಬ್ಬನ ಸ್ವರ. ಅಮ್ಮ ಇನ್ನೂ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಆರ್ಗನ್ ನಿಂತಿತು. ಒಳಗೆ ಒಬ್ಬ ಉಸಿರು ಎಳೆದುಕೊಂಡ.

ಹ್ಹಾ...

ಇನ್ನು ಟಿಕ್ ಬರಬೇಕು. ಶೋಧನ್ ಎರಡು ಸೆಕೆಂಡು ಕಾದ. ಐದು. ಹತ್ತು. ಬರಲಿಲ್ಲ. ಯಾರೋ ಮುಳ್ಳನ್ನು ಹೊತ್ತಿಗೆ ಸರಿಯಾಗಿ ಎತ್ತಿದ್ದರು.

ಪೂವಮ್ಮ ಚಪ್ಪಾಳೆ ತಟ್ಟಿದಳು. ಒಂದು. ಎರಡು. ಮೂರು. ಅಪ್ಪ ಚಿಲಕ ತೆಗೆದ. ಗಂಟೆ ಹತ್ತು ಕಳೆದು ಎರಡು ನಿಮಿಷ.

ಎಲೆಯಲ್ಲಿ ಎಲ್ಲ ಬಡಿಸಿದ ಹಾಗೇ ಇತ್ತು. ಸೋಡದ ಬಾಟ್ಲಿ ತುಂಬಿಯೇ ಇತ್ತು. ಕಿಟಕಿಯ ಒಳಗಿನ ಕೊಂಡಿ ಹಾಕಿಯೇ ಇತ್ತು. ಬೈರಾಸಿನ ತುಂಡು ಪ್ಲೇಯರಿನ ಪಕ್ಕದಲ್ಲಿತ್ತು. ತಟ್ಟೆ ನಿಂತಿತ್ತು. ಮುಳ್ಳಿನ ಕೈ ಅದರ ಕೊಕ್ಕೆಯಲ್ಲಿ ಕೂತಿತ್ತು. ರೆಕಾರ್ಡಿನ ಎರಡನೇ ಬದಿ ಮೇಲಿತ್ತು.

ಶೋಧನ್ ಹತ್ತಿರ ಹೋಗಿ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಏನು ನೋಡುತ್ತಿದ್ದಾನೆ ಅಂತ ಯಾರೂ ಕೇಳಲಿಲ್ಲ.

ಆ ದಿನ ಬಡಿಸಿದ್ದನ್ನು ಮನೆಯವರು ಉಣ್ಣಬೇಕು, ಅದು ಕ್ರಮ. ಜಗಲಿಯಲ್ಲೇ ಉಂಡರು. ಇರ್ಷಾದನೂ ಬಂದು ಕೂತ. ಎಲೆಗೆ ಕೈ ಹಾಕಲಿಲ್ಲ.

"ಎಂತ ಕಂಡದ್ದು?" ಅಂತ ಪೂವಮ್ಮ ಕೇಳಿದಳು.

"ನಾನು ಕಿಟಕಿಯ ಎದುರೇ ಇದ್ದೆ ಅಜ್ಜಿ. ಸಂದಿನಲ್ಲಿ ಬೆಳಕು ಕಾಣ್ತಾ ಇತ್ತು. ಬದಿ ಮುಗಿದದ್ದೇ ನಾನು ಪಿಕಪ್ಪಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತೆ," ಅಂದ ಇರ್ಷಾದ್. "ನೋಡ್ಲಿಕ್ಕೆ ನಾಚಿಕೆ ಆಯ್ತು. ಅವ ಒಬ್ಬನೇ ಕೇಳುವಾಗ ಇಣುಕಿದ್ರೆ ಬೈತಾ ಇದ್ದ."

ಶೋಧನ್ ಪುಂಡಿ ಮುರಿದು ಸಾರಿಗೆ ಅದ್ದಿ ಬಾಯಿಗೆ ಹಾಕಿದ. ಜಗಿಯುವುದನ್ನು ನಿಲ್ಲಿಸಿದ.

"ಅಮ್ಮ."

"ಎಂತ?"

"ಸಾರಿಗೆ ಉಪ್ಪು ಹೆಚ್ಚಾಗಿದೆ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾಲ್ಕು ತಿಂಗಳಿನಿಂದ ಅವಳು ಉಪ್ಪು ಹಾಕದಿದ್ದರೂ ಯಾರೂ ಹೇಳುತ್ತಿರಲಿಲ್ಲ.

ಬಾವಿಯ ಹತ್ತಿರ ಅದರ ನಂತರ ಶಬ್ದ ಇಲ್ಲ. ಶೋಧನ್ ಒಂದು ತಿಂಗಳು ಒಂಬತ್ತು ನಲವತ್ತಕ್ಕೆ ಅಲ್ಲಿ ನಿಂತು ನೋಡಿದ್ದಾನೆ. ಈಗ ಸಂಜೆ ಆರರ ಬಸ್ಸಿಗೆ ಬರುತ್ತಾನೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಜಗಲಿಯಲ್ಲಿ ಕೂತಿದ್ದ ನಾಲ್ಕು ಜನ ಇದ್ದಾರೆ, ಹೋಗಿ ಕೇಳಿ. ಪೂವಮ್ಮನಿಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಾನು ಕಳೆದ ದೀಪಾವಳಿಗೆ ಹೋದಾಗ ಶೋಧನ್ ಆ ಕೋಣೆ ತೆರೆದು ತೋರಿಸಿದ. ಪ್ಲೇಯರಿನ ಮುಳ್ಳಿನ ತಲೆಯ ಮೇಲೆ ಒಂದು ನಾಲ್ಕಾಣೆ ಉಂಟು. ಆ ರಾತ್ರಿಯಿಂದ ಅಲ್ಲೇ ಉಂಟು, ಯಾರೂ ತೆಗೆಯಲಿಲ್ಲ. ನಾನು ಮುಟ್ಟಿ ನೋಡಿದೆ. ಘೇಂಡಾಮೃಗದ ಚಿತ್ರದ್ದು. ಒಂದು ಅಂಚು ಚಪ್ಪಟೆ.